ಅಜ್ಜಿಯ ಕೌದಿಯನ್ನು ಜೆರಾಕ್ಸ್ ಮಾಡಿಸಿದ ಕಥೆ

ಶುರುವಾಗಿದ್ದು ಒಂದು ಪಾಸ್‌ಬುಕ್ಕಿನಿಂದ. ಅವ್ವನ ಪಾಸ್‌ಬುಕ್ ಜೆರಾಕ್ಸ್ ಮಾಡಿಸೋಕೆ ಹೋಗಿದ್ದೆ. ಅದು ಗಾಜಿನ ಮೇಲೆ ನೆಟ್ಟಗೆ ಕೂರದೆ ಮತ್ತೆ ಮತ್ತೆ ಮಡಚಿಕೊಳ್ಳುತ್ತಿತ್ತು. "ಸ್ವಲ್ಪ ಒತ್ತಿ ಹಿಡೀರಿ ಅಕ್ಕಾರ" ಅಂದರು ಅಂಗಡಿಯವರು. ಒತ್ತಿ ಹಿಡಿದೆ. ಹೊರಗೆ ಬಂದ ಹಾಳೆಯಲ್ಲಿ ಪಾಸ್‌ಬುಕ್ ಪಕ್ಕ ನನ್ನ ಮಣಿಕಟ್ಟು, ಎರಡು ಬಳೆ, ಚರ್ಮದ ಗೆರೆಗಳು ಎಲ್ಲ ಬಂದಿದ್ದವು. ಬಳೆ ಗಾಜಿಗೆ ತಾಗಿದ ಕಡೆ ಅದರ ಗೀರುಗಳೂ ಕಾಣುತ್ತಿದ್ದವು. ತಾಗದ ಕಡೆ ಬಳೆ ಹಾಗೇ ಕತ್ತಲಿಗೆ ಇಳಿದು ಹೋಗಿತ್ತು. "ಇದು ಕೆಟ್ಟೋತ್ರೀ" ಅಂತ ಅವರು ಮುದ್ದೆ ಮಾಡೋಕೆ ಹೊರಟಿದ್ದರು. ನಾನು ಇಸಿದುಕೊಂಡೆ.

ಅಲ್ಲಿಂದ ಐದು ವಾರ, ಗಾಜಿನ ಮೇಲೆ ಏನೇನೋ ವಸ್ತು ಇಟ್ಟು ಚಿತ್ರ ತೆಗೆಯುತ್ತ, ಧಾರವಾಡದ ಜೆರಾಕ್ಸ್ ಅಂಗಡಿಗಳಲ್ಲೇ ಕಳೆದೆ. ಆಮೇಲೆ ಹದಿನಾರು ದಿನ ಒಂದು ಪ್ರದರ್ಶನದವರ ಫೋನಿಗೆ ಕಾದೆ. ಈಗ ಕೆಲಸ ಮುಗಿದಿದೆ. ಯಾರಿಗಾದರೂ ಈ ಹುಚ್ಚು ಹಿಡಿದರೆ ನಾನು ಬಿದ್ದ ಗುಂಡಿಗಳಿಗೆ ಅವರು ಬೀಳದಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲ ತೊಂದರೆ ಮೆಷಿನ್ ಸಿಗೋದು. ಕಲೆ ಮಾಡೋದು ಆಮೇಲಿನ ಮಾತು. ನಾಲ್ಕು ಅಂಗಡಿ ಸುತ್ತಿದೆ. ಮೊದಲನೆಯವರು ನನ್ನ ಚೀಲದಲ್ಲಿದ್ದ ಗೋಣಿಚೀಲದ ತುಂಡು, ಜರಡಿ, ನವಿಲುಗರಿ ನೋಡಿ ಮಾತೇ ಆಡಲಿಲ್ಲ, ಬೇರೆ ಗಿರಾಕಿ ಕಡೆ ತಿರುಗಿದರು. ಎರಡನೆಯವರು "ಗಾಜ್ ಒಡದ್ರ ಯಾರ್ ಕೊಡ್ತಾರ್ರೀ?" ಅಂದರು. ನ್ಯಾಯವಾದ ಪ್ರಶ್ನೆ, ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರನೆಯ ಕಡೆ "ಅರ್ಧ ತಾಸು ಮೆಷಿನ್ ಬೇಕು" ಅಂದಿದ್ದಕ್ಕೆ ಮಾಲೀಕರು ದನಿ ಇಳಿಸಿ, "ನೋಟು ಪಾಟು ಮಾಡೋರೇನ್ರೀ ನೀವು?" ಅಂತ ಕೇಳಿದರು. ನಗು ಬಂತು, ಹೆದರಿಕೆಯೂ ಆಯಿತು. ಇಲ್ಲೇ ಹೇಳಿಬಿಡುತ್ತೇನೆ: ತಮಾಷೆಗೂ ನೋಟು ಗಾಜಿನ ಮೇಲೆ ಇಡಬೇಡಿ. ನೋಟಿನ ನಕಲು ಅಪರಾಧ. ಎಷ್ಟೋ ಬಣ್ಣದ ಮೆಷಿನ್‌ಗಳು ನೋಟನ್ನು ಗುರುತಿಸಿ ತಾವೇ ನಿಂತುಬಿಡುತ್ತವೆ.

ನಾಲ್ಕನೆಯದು ಆ ಪಾಸ್‌ಬುಕ್ ಅಂಗಡಿಯೇ. ಮೊದಲೇ ಅಲ್ಲಿಗೆ ಹೋಗಬೇಕಿತ್ತು. ಈ ಸಲ ಚೀಲ ಬಿಚ್ಚಲಿಲ್ಲ. ಕೆಟ್ಟುಹೋಯಿತು ಅಂದಿದ್ದ ಅದೇ ಹಾಳೆ ತೋರಿಸಿದೆ. "ಇಂಥಾವು ಇನ್ನಷ್ಟು ಬೇಕು ಅಣ್ಣಾರ" ಅಂದೆ. ಅವರು ಹಾಳೆಯನ್ನು ಹತ್ತಿರ ಹಿಡಿದು ಬಳೆ ನೋಡಿದರು, ದೂರ ಹಿಡಿದು ನೋಡಿದರು. "ಮಧ್ಯಾಹ್ನ ಎರಡರ ಮ್ಯಾಲ ಬರ್ರಿ, ಗದ್ಲ ಇರಂಗಿಲ್ಲ" ಅಂದರು.

ಆ ಮಾತು ಮರೆಯಬೇಡಿ. ಬೆಳಿಗ್ಗೆ ಕಚೇರಿ ಕಾಗದದವರ ಗದ್ದಲ, ಸಂಜೆ ಕಾಲೇಜ್ ಹುಡುಗರ ಗದ್ದಲ. ಎರಡರಿಂದ ನಾಲ್ಕು ನಿಮ್ಮ ಹೊತ್ತು. ಪರೀಕ್ಷೆ ದಿನಗಳಲ್ಲಿ, ಸ್ಕಾಲರ್‌ಶಿಪ್ ಅರ್ಜಿ ಹಾಕೋ ದಿನಗಳಲ್ಲಿ ಹೋಗಲೇಬೇಡಿ. ನಾನು ಒಮ್ಮೆ ಹೋಗಿ, ನನ್ನ ಹಿಂದೆ ಹನ್ನೊಂದು ಜನ ಆಧಾರ್ ಕಾರ್ಡ್ ಹಿಡಿದು ನಿಂತಿರುವಾಗ ಹೀರೇಕಾಯಿ ನಾರು ಗಾಜಿನ ಮೇಲಿಟ್ಟೆ. ಆ ನೋಟಗಳನ್ನು ಇನ್ನೂ ಮರೆತಿಲ್ಲ.

ಎರಡನೇ ವಾರ ಬರೀ ಕಲಿಕೆ. ಚಂದ ಕಾಣುವ ವಸ್ತು ಚಂದ ಬರುತ್ತದೆ ಅಂದುಕೊಂಡಿದ್ದೆ. ನವಿಲುಗರಿ ಬೂದು ಮುದ್ದೆಯಾಗಿ ಬಂತು. ಅದರಲ್ಲಿ ಇದ್ದದ್ದೆಲ್ಲ ಬಣ್ಣವೇ, ಬಣ್ಣ ಕಪ್ಪುಬಿಳುಪಿನ ಮೆಷಿನ್‌ಗೆ ಬೇಡ. ಒಣಗಿದ ಹೂವು ಮದುವೆ ಕರೆಯೋಲೆಯಂತೆ ಬಂತು, ಬಿಟ್ಟುಬಿಟ್ಟೆ. ಮುತ್ತುಗದ ಪತ್ರಾವಳಿ ಒಳ್ಳೆಯದಾಗಿ ಬಂತು, ಚುಚ್ಚಿದ ಕಡ್ಡಿಗಳ ಸಮೇತ. ಗೋಣಿಚೀಲ ಅದಕ್ಕಿಂತ ಚೆನ್ನಾಗಿ ಬಂತು. ಅದರ ಎಳೆಗಳ ನಡುವಿನ ತೂತುಗಳು ಕಪ್ಪಾಗಿ, ಎಳೆ ಬೆಳ್ಳಗಾಗಿ, ಕಿಟಕಿಗಳೇ ತುಂಬಿದ ಗೋಡೆಯ ಹಾಗೆ ಕಂಡಿತು. ಹೀರೇಕಾಯಿ ನಾರು ಎಲ್ಲಕ್ಕಿಂತ ಮೇಲೆ. ಸ್ನಾನದ ಮನೆಯಲ್ಲಿ ಅದನ್ನು ಇಷ್ಟು ವರ್ಷ ನೋಡಿಯೇ ಇರಲಿಲ್ಲ ಅನಿಸಿತು.

ಯಾಕೆ ಹೀಗೆ ಅಂತ ತಿಳಿಯೋಕೆ ಒಂದು ವಾರ ಹಿಡಿಯಿತು. ಇದನ್ನು ಕ್ಯಾಮೆರಾ ಅಂದುಕೊಂಡರೆ ಕೆಟ್ಟಿರಿ. ಮುಟ್ಟಿದ್ದನ್ನು ಮಾತ್ರ ಸರಿಯಾಗಿ ನೋಡುವ ಕಣ್ಣು ಇದು. ಗಾಜಿಗೆ ತಾಗಿದ್ದು ಚೂಪಾಗಿ ಬರುತ್ತದೆ, ಮೇಲೆದ್ದದ್ದು ಮಸುಕಾಗುತ್ತದೆ, ಇನ್ನೂ ಮೇಲಿದ್ದದ್ದು ಮಾಯ. ಎಷ್ಟು ಎತ್ತರದವರೆಗೆ ಕಾಣುತ್ತದೆ ಅನ್ನೋದು ಮೆಷಿನ್ ಮೇಲೆ ಹೋಗುತ್ತದೆ. ಮನೆಯಲ್ಲಿರೋ ಚಿಕ್ಕ ಪ್ರಿಂಟರ್‌ಗಳ ಸ್ಕ್ಯಾನರ್ ಎಷ್ಟೋ ಸಲ ಒಂದೆರಡು ಮಿಲಿಮೀಟರ್ ಮೇಲಕ್ಕೇ ಸೋಲುತ್ತದೆ. ಅಂಗಡಿಯ ದೊಡ್ಡ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಒಳಗೆ ಕನ್ನಡಿ, ಲೆನ್ಸ್ ಇರುತ್ತವೆ, ಅವು ಇನ್ನೂ ಸ್ವಲ್ಪ ಆಳ ನೋಡುತ್ತವೆ. ಪರೀಕ್ಷಿಸೋದು ಸುಲಭ. ಒಂದು ಬಾಚಣಿಗೆಯನ್ನು ಓರೆಯಾಗಿ ಇಡಿ, ಒಂದು ತುದಿ ಗಾಜಿಗೆ, ಇನ್ನೊಂದು ತುದಿ ಬೆರಳಿನಷ್ಟು ಮೇಲೆ. ಎಷ್ಟು ಹಲ್ಲು ಬಿಡಿ ಬಿಡಿಯಾಗಿ ಬಂದವು ಎಣಿಸಿ. ಎರಡು ರೂಪಾಯಲ್ಲಿ ಮೆಷಿನ್ನಿನ ಜಾತಕ ಸಿಗುತ್ತದೆ.

ಮುಚ್ಚಳ ಹಾಕಿದರೆ ಹಿನ್ನೆಲೆ ಬಿಳಿ, ತೆರೆದಿಟ್ಟರೆ ಕಪ್ಪು. ಟೆಕ್ಸ್ಟ್ ಗುಂಡಿ ಒತ್ತಿದರೆ ನಡುವಿನ ಬೂದು ಬಣ್ಣಗಳನ್ನು ಕೊಂದು ಕಪ್ಪು ಬಿಳಿ ಮಾತ್ರ ಉಳಿಸುತ್ತದೆ. ಫೋಟೋ ಗುಂಡಿ ಬೂದು ಉಳಿಸುತ್ತದೆ, ಆದರೆ ಚುಕ್ಕೆ ಚುಕ್ಕೆಯಾಗಿ. ನನಗೆ ಬಟ್ಟೆಗೆ ಫೋಟೋ, ಎಲೆ ನಾರುಗಳಿಗೆ ಟೆಕ್ಸ್ಟ್ ಒಗ್ಗಿತು. ಬೆಳಕು ಓಡುವಾಗ ಅದರ ಜೊತೆಗೇ ವಸ್ತುವನ್ನು ಎಳೆದರೆ ಉದ್ದವಾಗುತ್ತದೆ, ಎದುರು ಎಳೆದರೆ ಕುಗ್ಗುತ್ತದೆ. ಬೆಳಕು ಕಣ್ಣು ಮುಚ್ಚಿ ತೆರೆಯೋದರಲ್ಲಿ ಓಡಿಬಿಡುತ್ತದೆ, ಕೈ ಸಾಲುವುದಿಲ್ಲ. ನಾನು ಬಳಸಿದ ಮೆಷಿನ್‌ನಲ್ಲಿ ಶೇ. 200ಕ್ಕೆ ಹಿಗ್ಗಿಸಿದಾಗ ಬೆಳಕು ನಿಧಾನವಾಯಿತು, ಆಗ ಕೈಗೆ ಸಿಕ್ಕಿತು. ಎರಡು ದಿನ ಇದೇ ಆಟ ಆಡಿದೆ. ಹತ್ತು ಹಾಳೆ ಆದಮೇಲೆ ಬೇಜಾರಾಯಿತು. ಎಲ್ಲವೂ ಅಲೆಯಂತೆ ಬಳುಕಿದರೆ ಯಾವುದಕ್ಕೂ ಅರ್ಥ ಇರಲ್ಲ, ಅಲ್ವಾ?

ಆ ವಾರದ ಒಂದು ಮಧ್ಯಾಹ್ನ ಮಾತ್ರ ಬೇರೆ. ಅವ್ವನ ಕಸೂತಿ ಸೀರೆಯ ಸೆರಗು ಒಯ್ದಿದ್ದೆ. ಮುಖದ ಕಡೆ ಒಂದು, ಹಿಂದಿನ ಕಡೆ ಒಂದು ಜೆರಾಕ್ಸ್ ತೆಗೆದೆವು. ಗವಂತಿ ಹೊಲಿಗೆಯ ಗೋಪುರ ಎರಡೂ ಹಾಳೆಯಲ್ಲಿ ಒಂದೇ ಥರ. ಯಾವುದು ಮುಂದು, ಯಾವುದು ಹಿಂದು ಅಂತ ಹೇಳೋಕೇ ಆಗಲಿಲ್ಲ. ಆ ಹೊಲಿಗೆಗೆ ಗಂಟಿಲ್ಲ, ಹೋದ ದಾರಿಯಲ್ಲೇ ತಿರುಗಿ ಬಂದು ಖಾಲಿ ತುಂಬುತ್ತದೆ. ಮೆಂತೆ ಹೊಲಿಗೆ ಇದ್ದ ಕಡೆ ಗುಟ್ಟು ಬಯಲಾಯಿತು. ಮುಂದೆ ಮೆಂತೆ ಕಾಳಿನಂಥ ಕತ್ತರಿ ಗುರುತು, ಹಿಂದೆ ಬೇರೆಯೇ ಓಡಾಟ. ಅಂಗಡಿಯವರು ಎರಡೂ ಹಾಳೆ ಬೆಳಕಿಗೆ ಹಿಡಿದು, ಒಂದರ ಮೇಲೊಂದು ಕೂಡಿಸಿ ನೋಡಿದರು. "ನಮ್ಮ ಮನ್ಯಾಗೂ ಒಂದ್ ಅದ, ತರ್ತೀನಿ ತಡೀರಿ" ಅಂದರು. ಆವತ್ತಿನಿಂದ ನಾನು ಗಿರಾಕಿ ಅಲ್ಲ, ಪಾಲುದಾರಳು.

ಪಾಲುದಾರಿಕೆ ನಾಲ್ಕು ದಿನ ನಡೆಯಿತು. ಐದನೇ ದಿನ ನಾನು ರಾಗಿ ತಂದೆ.

ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ರಾಗಿ ಹರಡಿ, ಬೆರಳಲ್ಲಿ ಸುಳಿ ಎಳೆದೆ. ಚಿತ್ರ ಅದ್ಭುತ. ಹಾಳೆ ಎತ್ತುವಾಗ ಒಂದು ಮೂಲೆ ಜಾರಿತು. ರಾಗಿ ಗಾಜಿನ ಅಂಚಿನ ಸಂದಿಗೆ ಇಳಿಯುವ ಸದ್ದು ಇನ್ನೂ ಕಿವಿಯಲ್ಲಿದೆ. ಮುಂದಿನ ಪ್ರತಿ ತೆಗೆದರೆ ಒಳಗೆ ಕರಕರ. ಅಂಗಡಿಯವರು ಸ್ವಿಚ್ ಆರಿಸಿದರು. ಬಯ್ಯಲಿಲ್ಲ. ಬಯ್ದಿದ್ದರೆ ವಾಸಿ ಇತ್ತು. ಮೆಕ್ಯಾನಿಕ್ ಹುಬ್ಬಳ್ಳಿಯಿಂದ ಬರಬೇಕು, ಮೂರು ದಿನ. ಆ ಮೂರು ದಿನ ಅವರದು ಒಂದೇ ಚಿಕ್ಕ ಮೆಷಿನ್ ಮೇಲೆ ವ್ಯಾಪಾರ. ನಾನು ಆ ಬೀದಿಯಲ್ಲಿ ಹೋಗಲಿಲ್ಲ, ಸುತ್ತಿ ಹೋದೆ. ಮೆಕ್ಯಾನಿಕ್ಕಿಗೆ 500 ರೂಪಾಯಿ ಆಯಿತು, ನಾನೇ ಕೊಟ್ಟೆ. ಅಂಗಡಿಯವರು ಮೊದಲು ಬೇಡ ಅಂದರು, ಆಮೇಲೆ ತಗೊಂಡರು. ತಗೊಂಡಿದ್ದಕ್ಕೇ ನನಗೆ ಮತ್ತೆ ಹೋಗೋಕೆ ಮುಖ ಬಂತು.

ಆದ್ದರಿಂದ ಕೇಳಿ. ಕಾಳು, ಮರಳು, ಉಪ್ಪು, ಅರಿಶಿನ ಬೇಡ. ಬೇಕೇ ಬೇಕು ಅಂದರೆ ಎರಡು ಪ್ಲಾಸ್ಟಿಕ್ ಹಾಳೆ ನಡುವೆ ಇಟ್ಟು ನಾಲ್ಕೂ ಕಡೆ ಟೇಪ್ ಹಚ್ಚಿಕೊಂಡು ಬನ್ನಿ. ಪುಸ್ತಕಕ್ಕೆ ಹಾಕುವ ತೆಳು ಪ್ಲಾಸ್ಟಿಕ್ ಸಾಕು, ದಪ್ಪನೆಯದು ವಸ್ತುವನ್ನು ಗಾಜಿನಿಂದ ಮೇಲೆತ್ತಿ ಮಸುಕು ಮಾಡುತ್ತದೆ. ಬಾಳೆ ಎಲೆಯಂಥ ಹಸಿ ವಸ್ತುವಿಗೂ ಇದೇ. ಕಲ್ಲು, ಲೋಹ ಗೀರು ಹಾಕುತ್ತವೆ. ಗಾಜಿನ ಮೇಲೆ ಒಂದು ಗೀರು ಬಿದ್ದರೆ ಆಮೇಲೆ ಊರಿನ ಎಲ್ಲರ ಕಾಗದಪತ್ರದಲ್ಲೂ ಆ ಗೆರೆ ಇರುತ್ತದೆ. ಮತ್ತೆ ಟ್ರೇಯಲ್ಲಿ ಮಾಮೂಲಿ ಪ್ಲಾಸ್ಟಿಕ್ ಹಾಳೆ ಹಾಕಿ ಅದರ ಮೇಲೆ ಅಚ್ಚು ತೆಗೆಯೋ ಆಸೆ ಬೇಡ. ಟೋನರ್ ಅಂದರೆ ಪ್ಲಾಸ್ಟಿಕ್ ಪುಡಿ. ಅದನ್ನು ಕರಗಿಸಿ ಕಾಗದಕ್ಕೆ ಅಂಟಿಸೋಕೆ ಒಳಗಿನ ರೋಲರ್ 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾದಿರುತ್ತದೆ. ನಿಮ್ಮ ಹಾಳೆಯೂ ಕರಗಿ ಅದಕ್ಕೇ ಸುತ್ತಿಕೊಳ್ಳುತ್ತದೆ.

ಮೆಷಿನ್ ಬಿಚ್ಚಿದ್ದಾಗ ಒಂದು ಲಾಭವೂ ಆಯಿತು. ಡ್ರಮ್, ಅಂದರೆ ಚಿತ್ರ ಮೊದಲು ಮೂಡುವ ಉರುಳೆ, ಹೊರಗೆ ಇತ್ತು. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತೋ ಆಟ ಆಡಿದ್ದೀರಲ್ಲ, ಇಡೀ ಮೆಷಿನ್ ಅದೇ ಆಟ. ಡ್ರಮ್ಮಿಗೆ ವಿದ್ಯುತ್ ಹಿಡಿಸುತ್ತಾರೆ, ಬೆಳಕು ಬಿದ್ದ ಕಡೆ ಅದು ಹೋಗುತ್ತದೆ, ಉಳಿದ ಕಡೆ ಪುಡಿ ಅಂಟುತ್ತದೆ. ಹೊಸ ಮೆಷಿನ್‌ಗಳಲ್ಲಿ ಲೇಸರ್ ಆ ಬೆಳಕಿನ ಕೆಲಸ ಮಾಡುತ್ತದೆ, ಪುಡಿ ಎಲ್ಲಿ ಬೇಕೋ ಅಲ್ಲಿಗೇ ಅಂಟುವಂತೆ. ಚೆಸ್ಟರ್ ಕಾರ್ಲ್‌ಸನ್ ಇದನ್ನು ಮೊದಲು ಮಾಡಿದ್ದು 1938ರ ಅಕ್ಟೋಬರ್ 22ರಂದು, ನ್ಯೂಯಾರ್ಕಿನ ಆಸ್ಟೋರಿಯಾದ ಬಾಡಿಗೆ ಕೋಣೆಯಲ್ಲಿ. ಗಂಧಕ ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ, ಗಾಜಿನ ಮೇಲೆ ಬರೆದ ಆ ದಿನದ ತಾರೀಖು ಮತ್ತು ಊರಿನ ಹೆಸರನ್ನು ಪುಡಿಯಲ್ಲಿ ಮೂಡಿಸಿದರು. ಪೇಟೆಂಟ್ ಕಾಗದಗಳ ಪ್ರತಿ ಮಾಡಿ ಮಾಡಿ ಅವರಿಗೆ ಸಾಕಾಗಿತ್ತಂತೆ, ಸಂಧಿವಾತ ಬೇರೆ. ಆ ತಗಡಿನಿಂದ ಕಚೇರಿಗೆ ಬರುವ ಮೆಷಿನ್ ಆಗೋಕೆ 21 ವರ್ಷ ಹಿಡಿಯಿತು, ಜೆರಾಕ್ಸ್ 914 ಬಂದದ್ದು 1959ರಲ್ಲಿ. ಇದನ್ನು ಅಂಗಡಿಯವರಿಗೆ ಹೇಳಿದೆ. ಅವರಿಗೆ ಕರವಸ್ತ್ರದ ಸಂಗತಿ ಹಿಡಿಸಿತು. ಮೆಷಿನ್ ಕೈಕೊಟ್ಟಾಗಲೆಲ್ಲ ಈಗ ಜೇಬಿನಿಂದ ಕರವಸ್ತ್ರ ತೆಗೆದು ತೋರಿಸುತ್ತಾರೆ.

ನಾಲ್ಕನೇ ವಾರ ಕೌದಿ. ಹಳೆ ಬಟ್ಟೆಯ ತುಂಡು ಕೂಡಿಸಿ ಅಜ್ಜಿ ಹೊಲಿದ ಹೊದಿಕೆ, ಟ್ರಂಕಿನಲ್ಲಿ ಡಾಂಬರು ಗುಳಿಗೆಯ ವಾಸನೆಯಲ್ಲಿ ಮಲಗಿತ್ತು. ಅವ್ವ ಒಪ್ಪಲಿಲ್ಲ. "ಅಜ್ಜಿ ಹೊಚ್ಚಿಗೊಂಡ ಕೌದಿ, ಅದನ್ನ ಅಂಗಡ್ಯಾಗ ಹೊತಗೊಂಡ ಹೋಗಿ ಮಷೀನ್ ಮ್ಯಾಲ ಇಡ್ತಿಯೇನ?" ಎರಡು ದಿನ ಈ ಮಾತು ನಡೆಯಿತು. ಕೊನೆಗೆ ಅವರೂ ಜೊತೆಗೆ ಬರುವುದು ಅಂತ ಆಯಿತು. ಅದೇ ಒಳ್ಳೆಯದಾಯಿತು, ಯಾಕೆಂದರೆ ಒಬ್ಬರ ಕೈಲಿ ಆಗೋ ಕೆಲಸ ಅಲ್ಲ. ಕೌದಿಯ ಭಾರ ಅದನ್ನೇ ಕೆಳಗೆ ಎಳೆಯುತ್ತದೆ, ಗಾಜಿನ ಮೇಲೆ ಸುಕ್ಕು ಬೀಳುತ್ತದೆ. ಒಂದು ಕಡೆ ಸ್ಟೂಲ್, ಇನ್ನೊಂದು ಕಡೆ ಅವ್ವ, ನಡುವೆ ಅಂಗೈ ಅಗಲಿಸಿ ನಾನು. ಮುಚ್ಚಳ ಬೇಕಾಗಲಿಲ್ಲ, ಕೌದಿಯೇ ಮುಚ್ಚಳ. ಒಂದು ಮಾತು, ಒತ್ತುವುದೆಂದರೆ ಅಂಗೈಯಿಂದ ಸಮನಾಗಿ. ಮೊಣಕೈ ಊರಿದರೆ ಎರಡನೇ ಅಂಗಡಿಯವರ ಪ್ರಶ್ನೆಗೆ ಉತ್ತರ ಹುಡುಕಬೇಕಾಗುತ್ತದೆ.

ಮೊದಲ ಹಾಳೆ ಬೆಚ್ಚಗೆ ಹೊರಬಂತು. ನಾವು ಮೂವರೂ ಬಗ್ಗಿದೆವು. ಇಳಕಲ್ ಸೀರೆಯ ಕೆಂಪು ತುಂಡು ಪೂರ್ತಿ ಕಪ್ಪು. ಅಜ್ಜನ ಧೋತರದ ತುಂಡು ಬಿಳಿ. ಹಳದಿ ಫ್ರಾಕಿನ ತುಂಡು, ನನ್ನದಂತೆ ಅದು, ಅದೂ ಬಿಳಿ. ಧೋತರಕ್ಕೂ ಫ್ರಾಕಿಗೂ ಫರಕೇ ಇಲ್ಲ. ಮೊದಲು ಮನಸ್ಸು ಮುದುಡಿತು. ಆಮೇಲೆ ಹೊಲಿಗೆ ಕಂಡಿತು. ಬಣ್ಣ ಹೋದಮೇಲೆ ಉಳಿದದ್ದು ಹೊಲಿಗೆ ಒಂದೇ. ಪ್ರತಿ ಟಾಕಿನ ಪಕ್ಕ ಬಟ್ಟೆ ಸ್ವಲ್ಪ ಉಬ್ಬಿ ಗಾಜಿಗೆ ತಾಗಿದೆ, ದಾರ ಹೊಕ್ಕ ಕಡೆ ತಗ್ಗಾಗಿ ಸಣ್ಣ ನೆರಳು. ಸಾಲು ಸಾಲು, ಉಳುಮೆ ಮಾಡಿದ ಹೊಲದ ಹಾಗೆ. ಅವ್ವ ಒಂದು ಕಡೆ ಬೆರಳಿಟ್ಟರು. ಅಲ್ಲಿ ಒಂದು ಗಂಟು, ಅದರಾಚೆ ದಾರ ದಪ್ಪ, ಟಾಕು ಉದ್ದ. "ಇಲ್ಲಿಂದ ನಾ ಹೊಲದದ್ದು" ಅಂದರು. "ಅಕಿಗೆ ಆಗ ಕಣ್ಣ ಕಾಣ್ತಿರಲಿಲ್ಲ." ಆ ಕೌದಿ ಹೊದ್ದು ನಾನು ಎಷ್ಟು ಚಳಿಗಾಲ ಮಲಗಿದ್ದೇನೋ, ಈ ಗಂಟು ಕಂಡಿರಲಿಲ್ಲ. ಹೂವಿನ ಬಟ್ಟೆಯ ಬಣ್ಣದಲ್ಲಿ ಅಡಗಿತ್ತು.

ಆ ಜಾಗವನ್ನು ಹಿಗ್ಗಿಸಿದೆವು. ಶೇ. 200, ಆ ಪ್ರತಿಯನ್ನು ಮತ್ತೆ 200, ಅದನ್ನು ಮತ್ತೆ 200. ಅರ್ಧ ಸೆಂಟಿಮೀಟರಿನ ಟಾಕು ನಾಲ್ಕು ಸೆಂಟಿಮೀಟರ್ ಆಯಿತು. ಪ್ರತಿಯ ಪ್ರತಿ ತೆಗೆದಷ್ಟೂ ನೂಲು ಹೋಗಿ ಚುಕ್ಕೆ ಬರುತ್ತದೆ, ಚುಕ್ಕೆ ಹೋಗಿ ಮಚ್ಚೆ ಬರುತ್ತದೆ. ನಾಲ್ಕನೇ ಸಲ ಮಾಡಿದೆ, ಅದು ಯಾವುದರ ಚಿತ್ರವೂ ಆಗಿರಲಿಲ್ಲ. ಮೂರಕ್ಕೆ ನಿಂತೆ.

ಕಪ್ಪು ಜಾಸ್ತಿ ಇರೋ ಹಾಳೆಗೆ ಟೋನರ್ ವಿಪರೀತ ಹೋಗುತ್ತದೆ. ಎ3ಗೆ 5 ರೂಪಾಯಿ ಇದ್ದದ್ದು, ಅಂಥವಕ್ಕೆ 10 ಅಂತ ನಾವೇ ಮಾತಾಡಿಕೊಂಡೆವು. ಮೊದಲೇ ಮಾತಾಡಿಕೊಳ್ಳಿ, ಕೊನೆಗೆ ಮುಜುಗರ ಇರಲ್ಲ. ಕಪ್ಪು ಹಾಳೆ ಸುರುಳಿಯಾಗುತ್ತದೆ, ಮಡಚಿದರೆ ಪುಡಿ ಉದುರುತ್ತದೆ. ಪುಸ್ತಕದಡಿ ಒಂದು ರಾತ್ರಿ ಇಟ್ಟರೆ ನೆಟ್ಟಗಾಗುತ್ತದೆ.

24 ಎ3 ಹಾಳೆ ಆರಿಸಿ ಆರು ಸಾಲು ಅಗಲ, ನಾಲ್ಕು ಎತ್ತರ ಜೋಡಿಸಿದೆ. ಮೆಷಿನ್ ಅಂಚಿನವರೆಗೆ ಅಚ್ಚು ಮಾಡುವುದಿಲ್ಲ, ಸುತ್ತ ನಾಲ್ಕೈದು ಮಿಲಿಮೀಟರ್ ಬಿಳಿ ಬಿಡುತ್ತದೆ. ಮೊದಲು ಕತ್ತರಿಸಿ ತೆಗೆಯೋಣ ಅಂದುಕೊಂಡಿದ್ದೆ. ಆಮೇಲೆ ಅಲ್ಲೇ ಸೂಜಿ ದಾರದಿಂದ ಹೊಲಿದೆ, ಹಿಂದೆ ಹಳೆ ಸೀರೆ ಕೊಟ್ಟು. ಟಾಕು ಹತ್ತಿರ ಹತ್ತಿರ ಹಾಕಿದರೆ ಕಾಗದ ಅಂಚೆ ಚೀಟಿಯಂತೆ ಹರಿಯುತ್ತದೆ, ಉದ್ದುದ್ದ ಹಾಕಿ. ಕಪ್ಪಿನ ಮೇಲೆ ಸೂಜಿ ಚುಚ್ಚಬೇಡಿ, ಸುತ್ತಲಿನ ಟೋನರ್ ಎದ್ದು ಬರುತ್ತದೆ.

ಇನ್ನು ಅರ್ಜಿ. ಒಂದು ಪ್ರದರ್ಶನಕ್ಕೆ ಕೃತಿ ಕರೆದಿದ್ದರು, ಪ್ರವೇಶ ಶುಲ್ಕ 200. ನಿಯಮದಲ್ಲಿ "ಮೂಲ ಕೃತಿಗಳನ್ನು ಮಾತ್ರ ಸ್ವೀಕರಿಸಲಾಗುವುದು, ನಕಲು ಪ್ರತಿಗಳನ್ನು ಪರಿಗಣಿಸಲಾಗದು" ಅಂತ ಇತ್ತು. ಅದರ ಕೆಳಗೇ, ಗುರುತಿನ ಚೀಟಿಯ ನಕಲು ಪ್ರತಿಗೆ "ಮೂಲದಂತೆ ಇದೆ" ಅಂತ ಬರೆದು ಸಹಿ ಮಾಡಿ ಲಗತ್ತಿಸಬೇಕು ಅಂತಲೂ ಇತ್ತು. ನನ್ನ ಇಡೀ ಕೃತಿ ನಕಲು ಪ್ರತಿ. ಅದರ ಮೂಲ ಟ್ರಂಕಿನಲ್ಲಿದೆ, ಮೂಲದಂತೆ ಅದು ಇಲ್ಲವೇ ಇಲ್ಲ.

ಫೋನ್ ಮಾಡಿದೆ. "ಮಾಧ್ಯಮ ಏನ್ರೀ?" ಅಂದರು. "ಕಾಗದದ ಮೇಲೆ ಟೋನರ್." "ಟೋನರ್ ಅಂದ್ರ ಯಾವ ಕಂಪನಿ ಬಣ್ಣ?" ವಿವರಿಸಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. "ಹಂಗಾರ ಅದು ಜೆರಾಕ್ಸ್ ಅಲ್ಲೇನ್ರೀ?"

ಒಂದು ಪುಟದ ಪತ್ರ ಬರೆದು ಅರ್ಜಿಗೆ ಸೇರಿಸಿದೆ. ನಿಮಗೂ ಬೇಕಾಗಬಹುದು, ಅದಕ್ಕೇ ಅದರಲ್ಲಿದ್ದದ್ದು ಹೇಳುತ್ತೇನೆ. ಇಟಲಿಯ ಬ್ರೂನೋ ಮುನಾರಿ 1960ರ ದಶಕದಲ್ಲೇ ಗಾಜಿನ ಮೇಲೆ ವಸ್ತು ಸರಿಸಿ ಚಿತ್ರ ಮಾಡುತ್ತಿದ್ದರು. ಷಿಕಾಗೋದ ಕಲಾಶಾಲೆಯಲ್ಲಿ ಸೋನಿಯಾ ಶೆರಿಡನ್ 1970ರಲ್ಲಿ ಇಂಥ ಯಂತ್ರಗಳ ಕಲಿಕೆಗೆಂದೇ ವಿಭಾಗ ತೆರೆದರು. ಅಮೆರಿಕದ ಪ್ಯಾಟಿ ಹಿಲ್ ಐಬಿಎಂ ಮೆಷಿನ್ ಮೇಲೆ ಮನೆಯ ಸಾಮಾನು ಇಟ್ಟರು, ಸತ್ತ ಹಂಸವನ್ನೂ ಇಟ್ಟರು. ನನ್ನ ಕೃತಿಯ ಇನ್ನೊಂದು ಪ್ರತಿ ಇಲ್ಲ, ಕೈಯಿಂದ ಹೊಲಿದದ್ದು ಅಂತ ಕೊನೆಗೆ ಬರೆದೆ. ಬಹುಶಃ ಆ ಕೊನೆಯ ಸಾಲೇ ಕೆಲಸ ಮಾಡಿತು, ಹಂಸ ಅಲ್ಲ.

ಹದಿನಾರು ದಿನ ಏನೂ ಇಲ್ಲ. ಹದಿನೇಳನೇ ದಿನ "ತಂದು ತೋರ್ಸ್ರಿ" ಅಂದರು. ಸೀರೆಯ ಸಮೇತ ಸುತ್ತಿ ಒಯ್ದೆ. ಹರಡಿದರು, ಹಿಂದೆ ಮುಂದೆ ತಿರುಗಿಸಿದರು, ಹೊಲಿಗೆ ಮುಟ್ಟಿದರು. ಒಪ್ಪಿದರು. ಗೋಡೆಯ ಚೀಟಿಯಲ್ಲಿ ಮಾತ್ರ "ಮಿಶ್ರ ಮಾಧ್ಯಮ" ಅಂತ ಹಾಕಿದರು. ತಕರಾರು ಮಾಡಲಿಲ್ಲ.

ಲೆಕ್ಕ: ಎ4 96 ಹಾಳೆ, 192 ರೂಪಾಯಿ. ಎ3 58 ಹಾಳೆ, ಕಪ್ಪು 30ಕ್ಕೆ 300, ಉಳಿದ 28ಕ್ಕೆ 140. ಪ್ಲಾಸ್ಟಿಕ್ 40, ದಾರ 30, ಅರ್ಜಿಯ ಜೆರಾಕ್ಸ್ 10, ಶುಲ್ಕ 200, ರಾಗಿಯ ದಂಡ 500. ಒಟ್ಟು 1412. ಚಹಾ ಬಿಟ್ಟು.

ನಿನ್ನೆ ಕೃತಿ ಇಳಿಸಿಕೊಂಡು ಬರುವಾಗ ಅಂಗಡಿಗೆ ಹೋದೆ. ಅಂಗಡಿಯವರು ಒಂದು ಹಾಳೆ ಕೇಳಿದರು, ಗೋಡೆಗೆ ಹಚ್ಚೋಕೆ. ಗಂಟು ಇದ್ದ ಹಾಳೆಯ ಎರಡನೇ ಪ್ರತಿ ನನ್ನ ಚೀಲದಲ್ಲೇ ಇತ್ತು. ಇನ್ನೊಂದು ಪ್ರತಿ ಇಲ್ಲ ಅಂತ ಪತ್ರದಲ್ಲಿ ಬರೆದಿದ್ದೆನಲ್ಲ, ಅದೇ. ಕೊಟ್ಟೆ. ಅವರು ಅದನ್ನು ಗಾಜಿನ ಮೇಲಿಟ್ಟು ಒಂದು ಜೆರಾಕ್ಸ್ ತೆಗೆದು, ಅದನ್ನು ಗೋಡೆಗೆ ಅಂಟಿಸಿ, "ಒರಿಜಿನಲ್ ನಿಮ್ಮ ಕಡೆ ಇರ್ಲಿ ಅಕ್ಕಾರ" ಅಂತ ನನ್ನದನ್ನು ನನಗೇ ವಾಪಸ್ ಕೊಟ್ಟರು.